ದೊಡ್ಡ ಟೈರು ಹಾಕಿದ ಮೇಲೆ ಘಟ್ಟ ಹತ್ತಬೇಕಲ್ಲ: ಕ್ರೌನ್-ಪಿನಿಯನ್ ರೇಷಿಯೋ ಆರಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮನೆಯ ಅಂಗಳದಲ್ಲಿ ಜೀಪು ನಿಂತಿರುವುದು ಹೊಸ ನೋಟವಲ್ಲ. ಗೊಬ್ಬರ ಹೊರಲು, ಬೆಟ್ಟದಿಂದ ಸೊಪ್ಪು ದರಕು ತರಲು, ಜಡಿಮಳೆಯಲ್ಲಿ ಮಕ್ಕಳನ್ನು ಡಾಂಬರು ರಸ್ತೆಯ ತನಕ ಮುಟ್ಟಿಸಲು ಅದು ಬೇಕೇ ಬೇಕು. ಥಾರ್, ಜಿಮ್ನಿ, ಗೂರ್ಖಾ ಬಂದ ಮೇಲೆ ಇನ್ನೊಂದು ಸೇರಿಕೊಂಡಿದೆ: ದೊಡ್ಡ ಟೈರಿನ ಆಸೆ. ಗಾಡಿ ಎತ್ತರ ಕಾಣುತ್ತದೆ, ಹಳ್ಳದ ಕಲ್ಲು ಆಕ್ಸಲ್ಲಿನ ಗೇರು ಪೆಟ್ಟಿಗೆಗೆ, ಅಂದರೆ ಹೌಸಿಂಗಿಗೆ, ತಾಗುವುದು ಕಡಿಮೆಯಾಗುತ್ತದೆ, ಎಲ್ಲ ಸರಿ. ಆದರೆ ಕುಮಟೆಯಿಂದ ದೇವಿಮನೆ ಘಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಆರಾಮಾಗಿ ಬರುತ್ತಿದ್ದ ಗಾಡಿ ಈಗ ಎರಡಕ್ಕೆ ಬಾ ಅನ್ನುತ್ತದೆ. ಎರಡರಲ್ಲಿ ಎಂಜಿನ್ ಅರಚುತ್ತದೆ, ಮೂರರಲ್ಲಿ ಉಸಿರುಗಟ್ಟುತ್ತದೆ. ಗ್ಯಾರೇಜಿಗೆ ಹೋದರೆ "ಹೆಗಡೇರೇ, ಇಂಜೆಕ್ಟರ್ ನೋಡ್ಸಿ" ಎಂದೋ "ಕ್ಲಚ್ ಹೋಗ್ತಾ ಬಂತು" ಎಂದೋ ಹೇಳುವವರೇ ಹೆಚ್ಚು. ಬಹಳ ಸಲ ಇಂಜೆಕ್ಟರೂ ಸರಿಯಿರುತ್ತದೆ, ಕ್ಲಚ್ಚೂ ಸರಿಯಿರುತ್ತದೆ. ಬದಲಾದದ್ದು ಟೈರು, ಬದಲಾಗದೆ ಉಳಿದದ್ದು ಹೌಸಿಂಗಿನೊಳಗಿನ ಕ್ರೌನ್-ಪಿನಿಯನ್.

ಆ ಜೋಡಿಯನ್ನು ಬದಲಿಸಬೇಕೇ, ಬದಲಿಸುವುದಾದರೆ ಯಾವ ರೇಷಿಯೋ ಹಾಕಬೇಕು ಎಂದು ಕೂತು ಲೆಕ್ಕ ಹಾಕುವ ದಾರಿ ಇಲ್ಲಿದೆ. ಖರ್ಚಿನ ಕೆಲಸ ಇದು, ಅಂದಾಜಿನ ಮೇಲೆ ಮಾಡುವಂಥದ್ದಲ್ಲ. ಲೆಕ್ಕ ಹಾಕಿದವರಲ್ಲಿ ಅರ್ಧದಷ್ಟು ಮಂದಿಗೆ "ನನಗೆ ಬೇಡ" ಎಂಬ ಉತ್ತರವೇ ಬಂದೀತು ಎನ್ನುವುದು ನನ್ನ ಎಣಿಕೆ.

ರೇಷಿಯೋ ಅಂದರೆ

ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿರುವ ಚಿಕ್ಕ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನ್. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ರೇಷಿಯೋ. 41 ಹಲ್ಲಿನ ಕ್ರೌನಿಗೆ 11 ಹಲ್ಲಿನ ಪಿನಿಯನ್ ಇದ್ದರೆ 3.73. ಅದೇ 41ಕ್ಕೆ 10 ಇದ್ದರೆ 4.10, 9 ಇದ್ದರೆ 4.56. 39ಕ್ಕೆ 8 ಇದ್ದರೆ 4.88, 43ಕ್ಕೆ 8 ಇದ್ದರೆ 5.38. ಅಂಕೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಅದೇ ವೇಗಕ್ಕೆ ಎಂಜಿನ್ ತಿರುಗುವುದೂ ಹೆಚ್ಚು. ಇಷ್ಟು ಗೊತ್ತಿದ್ದರೆ ಮುಂದಿನದಕ್ಕೆ ಸಾಕು.

ಮೊದಲ ಹೆಜ್ಜೆ: ಟೈರನ್ನು ಖಾಯಂ ಮಾಡಿ

ರೇಷಿಯೋ ಹುಡುಕುವುದಕ್ಕೆ ಮುಂಚೆ ಟೈರು ಯಾವುದು ಎಂದು ನಿಶ್ಚಯವಾಗಬೇಕು. ಈ ವರ್ಷ 31 ಇಂಚು, ಮುಂದಿನ ವರ್ಷ 33 ಎಂದು ಮನಸ್ಸು ಓಡುವವರು ಹೌಸಿಂಗಿಗೆ ಕೈ ಹಾಕಲೇಬಾರದು. ಬೇಕಾದ ಟೈರು ಹಾಕಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲೂ ಉಜ್ಜುವುದಿಲ್ಲ, ಸ್ಪ್ರಿಂಗ್ ಪೂರ್ತಿ ಕೂತಾಗ ಮಡ್‌ಗಾರ್ಡಿಗೆ ತಾಗುವುದಿಲ್ಲ ಎಂದು ನೋಡಿ, ಒಂದು ಮಳೆಗಾಲ ಓಡಿಸಿ. ಸ್ಟೆಪ್ನಿಯೂ ಅದೇ ಅಳತೆಯದು ಇರಬೇಕು. ಫೋರ್ ವೀಲ್ ಗಾಡಿಯಲ್ಲಿ ಒಂದು ಚಕ್ರ ಸಣ್ಣದಾದರೆ ಆಗುವ ಅನಾಹುತ ಬೇರೆಯೇ.

ಟೈರಿನ ಮೇಲೆ ಬರೆದ ಅಂಕೆಯಿಂದ ವ್ಯಾಸ ತೆಗೆಯಬಹುದು. ಹಳೆಯ ಥಾರ್ ಸಿಆರ್‌ಡಿಇಗೆ ಬರುತ್ತಿದ್ದ 235/70 ಆರ್ 16 ತೆಗೆದುಕೊಳ್ಳಿ. 235 ಮಿ.ಮೀ. ಅಗಲದ ಶೇ. 70 ಅಂದರೆ 164.5, ಅದು ಮೇಲೊಂದು ಕೆಳಗೊಂದು ಸೇರಿ 329. ರಿಮ್ಮು 16 ಇಂಚು, ಅಂದರೆ 406. ಒಟ್ಟು 735 ಮಿ.ಮೀ. ಹೀಗೆಯೇ ಮಾಡಿದರೆ 265/75 ಆರ್ 16 ಟೈರು 804 ಮಿ.ಮೀ., 235/75 ಆರ್ 15 ಟೈರು 733, ಜಿಪ್ಸಿಯ 205/70 ಆರ್ 15 ಟೈರು 668. ಹೊಸ ಥಾರಿನ 255/65 ಆರ್ 18 ಕಾರ್ಖಾನೆಯಿಂದಲೇ 789.

ಇದು ಕಾಗದದ ಅಳತೆ. ಗಾಡಿಯ ಭಾರ ಬಿದ್ದಾಗ ಟೈರು ಸ್ವಲ್ಪ ಕುಗ್ಗುತ್ತದೆ. ಒಂದೇ ಅಂಕೆ ಬರೆದ ಎರಡು ಕಂಪನಿಯ ಟೈರುಗಳೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಪಕ್ಕಾ ಬೇಕೆಂದರೆ ಅಡಕೆ ಒಣಗಿಸುವ ಅಂಗಳದಂಥ ಸಮತಟ್ಟು ಜಾಗದಲ್ಲಿ ಟೈರು ನೆಲಕ್ಕೆ ತಾಗಿದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ನಿಧಾನವಾಗಿ ತಳ್ಳಿ, ಗುರುತು ಮತ್ತೆ ನೆಲಕ್ಕೆ ಬಂದಾಗ ನಿಲ್ಲಿಸಿ, ಆ ದೂರವನ್ನು ಟೇಪಿನಲ್ಲಿ ಅಳೆಯಿರಿ. ಅದನ್ನು 3.14ರಿಂದ ಭಾಗಿಸಿದರೆ ನಿಜವಾಗಿ ಉರುಳುವ ವ್ಯಾಸ. ಹಳೆಯ ಟೈರನ್ನೂ ಹೊಸದನ್ನೂ ಒಂದೇ ಬಗೆಯಲ್ಲಿ ಅಳೆಯಿರಿ. ಒಂದನ್ನು ಕಾಗದದಲ್ಲಿ, ಇನ್ನೊಂದನ್ನು ಟೇಪಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

735ರಿಂದ 804ಕ್ಕೆ ಹೋದಾಗ ಹೆಚ್ಚಾಗುವುದು 69 ಮಿ.ಮೀ. ಹೌಸಿಂಗಿನ ಕೆಳಗೆ ಸಿಗುವುದು ಅದರ ಅರ್ಧ, 34 ಚಿಲ್ಲರೆ. ಒಂದು ಗೇಣು ಏರಿತು ಎಂದುಕೊಂಡವರಿಗೆ ಇದು ಸ್ವಲ್ಪ ನಿರಾಸೆ.

ಎರಡನೆಯದು: ಈಗ ಏನಿದೆ ಎಂದು ತಿಳಿಯುವುದು

ಹೌಸಿಂಗಿನ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿಯಲ್ಲಿ ಕೆಲವೊಮ್ಮೆ ಹಲ್ಲುಗಳ ಸಂಖ್ಯೆ ಇರುತ್ತದೆ. ನಮ್ಮ ಮಳೆಗೆ ಅದು ಉಳಿದಿದ್ದರೆ ಅದೃಷ್ಟ. ಓನರ್ಸ್ ಮ್ಯಾನುಯಲ್ ನಂಬಬಹುದು, ಗಾಡಿ ಮೊದಲ ಮಾಲೀಕರ ಕೈಯಲ್ಲೇ ಇದ್ದರೆ ಮಾತ್ರ. ಎರಡು ಮೂರು ಕೈ ಬದಲಾದ ಹಳೆ ಜೀಪಿನ ಹೌಸಿಂಗು ಯಾವ ಗುಜರಿಯಿಂದ ಬಂದದ್ದೋ ಹೇಳಲಾಗದು.

ಬಿಚ್ಚದೆ ಎಣಿಸುವ ದಾರಿ ಇದೆ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ದಪ್ಪ ಕಲ್ಲು ಅಥವಾ ಮರದ ತುಂಡು ಅಡ್ಡ ಕೊಡಿ. ಹಿಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ ಹೌಸಿಂಗಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗುವುದು ಬೇಡ. ಗೇರು ನ್ಯೂಟ್ರಲ್, ಟ್ರಾನ್ಸ್‌ಫರ್ ಕೇಸು (ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಟೂ ವೀಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಹಳೆ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ. ಅದನ್ನು ಬಿಡದಿದ್ದರೆ ಶಾಫ್ಟು ಅಲುಗುವುದೇ ಇಲ್ಲ. ಈಗ ಶಾಫ್ಟಿನ ಮೇಲೊಂದು, ಟೈರಿನ ಮೇಲೊಂದು ಗುರುತು ಹಾಕಿ. ಒಬ್ಬರು ಒಂದು ಚಕ್ರವನ್ನು ಅಲುಗದಂತೆ ಹಿಡಿದುಕೊಳ್ಳಲಿ. ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತಿತು ಎಣಿಸಿ. ಮೂರು ಸುತ್ತಿನ ಮೇಲೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಅಂದರೆ 3.73. ನಾಲ್ಕರ ಮೇಲೆ ಅರ್ಧಕ್ಕೆ ತುಸು ಹೆಚ್ಚು ಅಂದರೆ 4.56. ಒಂದು ಚಕ್ರ ನಿಂತಿದ್ದಾಗ ಕ್ರೌನು ಅರ್ಧ ವೇಗದಲ್ಲಿ ತಿರುಗುತ್ತದೆ, ಅದಕ್ಕೇ ಎರಡು ಸುತ್ತು. ಡಿಫ್‌ಲಾಕ್ ಇರುವ ಗಾಡಿಯಲ್ಲಿ ಲಾಕ್ ಹಾಕಿದರೆ ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ; ಆಗ ಒಂದು ಸುತ್ತು ಸಾಕು.

ಮೂರನೆಯದು: ಲೆಕ್ಕ

ಸೂತ್ರ ಸರಳ. ಈಗಿನ ರೇಷಿಯೋವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆಯ ಟೈರಿನ ವ್ಯಾಸದಿಂದ ಭಾಗಿಸಿ. ನಮ್ಮ ಉದಾಹರಣೆಯ ಗಾಡಿಗೆ 3.73 ಇದೆ ಎಂದುಕೊಳ್ಳೋಣ. 3.73 × 804 ÷ 735 = 4.08. ಸಿಗುವ ಸೆಟ್ಟುಗಳಲ್ಲಿ ಇದಕ್ಕೆ ಹತ್ತಿರದ್ದು 4.10. ಅದನ್ನು ಹಾಕಿದರೆ ಗಾಡಿ ಕಾರ್ಖಾನೆಯಿಂದ ಬಂದಾಗಿನ ಗುಣಕ್ಕೆ ಮರಳುತ್ತದೆ, ಲೆಕ್ಕದ ಮಟ್ಟಿಗೆ.

ಎಂಜಿನ್ ಎಷ್ಟು ತಿರುಗುತ್ತದೆ ಎನ್ನುವುದಕ್ಕೆ ಇನ್ನೊಂದು ಸೂತ್ರ: ವೇಗ (ಗಂಟೆಗೆ ಕಿ.ಮೀ.) × ಆಕ್ಸಲ್ ರೇಷಿಯೋ (ಕ್ರೌನ್-ಪಿನಿಯನ್ನಿನದು) × ಗೇರಿನ ರೇಷಿಯೋ × 5.3, ಇಷ್ಟನ್ನು ಟೈರಿನ ವ್ಯಾಸದಿಂದ (ಮೀಟರಿನಲ್ಲಿ) ಭಾಗಿಸಿ. ಉತ್ತರ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. ಟಾಪ್ ಗೇರು 0.8 ಎಂದಿಟ್ಟುಕೊಂಡು 80ರ ವೇಗದಲ್ಲಿ ನೋಡಿದರೆ ಹಳೆ ಟೈರಿನಲ್ಲಿ ಸುಮಾರು 1720. ದೊಡ್ಡ ಟೈರು ಹಾಕಿ ಏನೂ ಬದಲಿಸದಿದ್ದರೆ 1575. 4.10 ಹಾಕಿದರೆ 1730, 4.56 ಹಾಕಿದರೆ 1925.

ಹೈವೇಯ ಅಂಕೆಗಿಂತ ಘಟ್ಟದ ಅಂಕೆ ನಮಗೆ ಮುಖ್ಯ. ಮೂರನೇ ಗೇರು 1.4, ವೇಗ 35 ಎಂದು ಹಿಡಿಯಿರಿ. ದೇವಿಮನೆಯಲ್ಲೋ ಅರಬೈಲು ಘಟ್ಟದಲ್ಲೋ ಮುಂದೆ ಲಾರಿ ಇಲ್ಲದಿದ್ದರೆ ಸಿಗುವ ವೇಗ ಅದು. ಹಳೆ ಟೈರಿನಲ್ಲಿ 1320 ಆರ್‌ಪಿಎಂ ಇದ್ದದ್ದು ದೊಡ್ಡ ಟೈರಿನಲ್ಲಿ 1205ಕ್ಕೆ ಇಳಿಯುತ್ತದೆ. 4.10 ಅದನ್ನು 1325ಕ್ಕೆ ತರುತ್ತದೆ, 4.56 ಹಾಕಿದರೆ 1475. ಟರ್ಬೊ ಡೀಸೆಲ್ ಓಡಿಸಿದವರಿಗೆ 1200ಕ್ಕೂ 1475ಕ್ಕೂ ಇರುವ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಒಂದರಲ್ಲಿ ಟರ್ಬೊ ಇನ್ನೂ ನಿದ್ದೆಯಲ್ಲಿರುತ್ತದೆ, ಇನ್ನೊಂದರಲ್ಲಿ ಏಳುತ್ತಿರುತ್ತದೆ.

ನಾಲ್ಕನೆಯದು: ಲೆಕ್ಕದ ಉತ್ತರದಲ್ಲಿ ನಿಲ್ಲಬೇಕೋ, ಒಂದು ಮೆಟ್ಟಿಲು ಮುಂದೆ ಹೋಗಬೇಕೋ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಸೂತ್ರಕ್ಕೆ ಗೊತ್ತಿರುವುದು ವ್ಯಾಸ ಒಂದೇ. ದೊಡ್ಡ ಟೈರಿಗೆ ತೂಕವೂ ಇದೆ, ಆ ತೂಕ ಚಕ್ರದ ಹೊರ ಅಂಚಿನಲ್ಲಿದೆ, ಅದನ್ನು ಪ್ರತಿ ಸಲ ತಿರುಗಿಸಿ ಎಬ್ಬಿಸಬೇಕು. ಮಡ್ ಟೈರಿನ ದಪ್ಪ ಗುಬ್ಬಿಗಳು ಡಾಂಬರಿನ ಮೇಲೆ ಎಳೆಯುತ್ತವೆ. ಟೈರು ಹಾಕಿದವರು ಅಲ್ಲಿಗೇ ಸುಮ್ಮನಾಗುವುದೂ ಇಲ್ಲ. ಕಬ್ಬಿಣದ ಬಂಪರ್, ವಿಂಚ್, ಮೇಲೆ ಕ್ಯಾರಿಯರ್, ಅದರ ಮೇಲೆ ಇನ್ನೊಂದು ಸ್ಟೆಪ್ನಿ. ಹೀಗಾಗಿ ಸೂತ್ರದ ಉತ್ತರವನ್ನು ಕನಿಷ್ಠ ಎಂದು ತಿಳಿಯಬೇಕು.

ಎಷ್ಟು ಮುಂದೆ ಹೋಗಬೇಕು ಎನ್ನುವುದು ಗಾಡಿ ತನ್ನ ಆಯುಷ್ಯವನ್ನು ಎಲ್ಲಿ ಕಳೆಯುತ್ತದೆ ಎನ್ನುವುದರ ಮೇಲೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಎರಡು ಬೇರೆ ಲೋಕ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರು ಹೆಚ್ಚು ಓಡುವುದು ಸಮುದ್ರದ ಪಕ್ಕದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ನಾಲ್ಕು ಪಥ, 80-90ರ ವೇಗ, ತಾಸುಗಟ್ಟಲೆ ಟಾಪ್ ಗೇರು. ಅವರಿಗೆ 4.10 ಸಾಕು. 4.56 ಹಾಕಿದರೆ 100ರ ವೇಗಕ್ಕೆ 2400 ಆರ್‌ಪಿಎಂ, ಡೀಸೆಲ್ ಎಂಜಿನ್ನಿಗೆ ತಪ್ಪೇನಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ. ಘಟ್ಟದ ಮೇಲಿನವರದು ಬೇರೆ. ಶಿರಸಿ ಸಮುದ್ರಮಟ್ಟದಿಂದ 590 ಮೀಟರಿನ ಆಸುಪಾಸು ಇದೆ. ಕುಮಟೆ ಕೆಳಗೆ, 60 ಕಿ.ಮೀ. ದೂರ. ಪೇಟೆ ಬಿಟ್ಟರೆ ತಿರುವು, ಚಡಾವು, ಮಣ್ಣು ರಸ್ತೆ. 80ರ ವೇಗ ಸಿಗುವುದೇ ಹುಬ್ಬಳ್ಳಿ ಕಡೆ ಹೊರಟಾಗ. ಇಲ್ಲಿನ ಗಾಡಿಗೆ ನಾನಾದರೆ 4.56 ಎನ್ನುತ್ತೇನೆ. ಜೋಯಿಡಾ, ಅಣಶಿ ಕಡೆಯವರಿಗೆ ಇನ್ನೂ ಖಡಾಖಂಡಿತವಾಗಿ.

ಎಂಜಿನ್ನಿನ ಸ್ವಭಾವವೂ ನೋಡಬೇಕು. ಹಳೆಯ ಥಾರ್ ಸಿಆರ್‌ಡಿಇ 247 ಎನ್‌ಎಂ ಟಾರ್ಕನ್ನು (ತಿರುಗಿಸುವ ಬಲವನ್ನು) ಕೊಡುವುದು 1800ರಿಂದ 2000 ಆರ್‌ಪಿಎಂ ನಡುವೆ. 2020ರ ಥಾರ್ ಡೀಸೆಲ್ 300 ಎನ್‌ಎಂ ಅನ್ನು 1600ರಿಂದ 2800ರ ತನಕ ಹಿಡಿದಿಡುತ್ತದೆ. ಅಗಲವಾದ ಪಟ್ಟಿ ಇರುವ ಎಂಜಿನ್ ಟೈರಿನ ಹೆಚ್ಚಳವನ್ನು ನುಂಗಿಕೊಳ್ಳುತ್ತದೆ. ಪೆಟ್ರೋಲ್ ಗಾಡಿಗಳಿಗೆ ಆ ಪುಣ್ಯವಿಲ್ಲ. ಜಿಮ್ನಿಯ 134 ಎನ್‌ಎಂ ಬರುವುದೇ 4000 ಆರ್‌ಪಿಎಂನಲ್ಲಿ, ಜಿಪ್ಸಿ ಕಿಂಗ್ ಎಂಜಿನ್ನಿಗೆ ಅದಕ್ಕಿಂತ ಮೇಲೆ ಹೋಗಬೇಕು. ಸಣ್ಣ ಪೆಟ್ರೋಲ್ ಎಂಜಿನ್ನಿಗೆ ದೊಡ್ಡ ಟೈರು ಹಾಕಿ ರೇಷಿಯೋ ಬದಲಿಸದಿದ್ದರೆ ನಾಲ್ಕನೇ ಗೇರು ಟಾಪ್ ಗೇರಾಗುತ್ತದೆ, ಐದನೆಯದು ಶೋಭೆಗೆ.

ಯಾರಿಗೆ ಬೇಡ

ಟೈರಿನ ವ್ಯಾಸ ಶೇ. 5ರೊಳಗೆ ಹೆಚ್ಚಾಗಿದ್ದರೆ ಇಷ್ಟು ಖರ್ಚು ವ್ಯರ್ಥ. ಜಿಮ್ನಿಯ 195/80 ಆರ್ 15 ತೆಗೆದು 215/75 ಆರ್ 15 ಹಾಕಿದರೆ 693 ಹೋಗಿ 703 ಆಗುತ್ತದೆ, ಒಂದೂವರೆ ಪರ್ಸೆಂಟು. ಬಿಟ್ಟುಬಿಡಿ. ಹೊಸ ಡೀಸೆಲ್ ಥಾರಿಗೆ 33 ಇಂಚು ಹಾಕಿದರೆ ಶೇ. 6ರಷ್ಟು; ಅದನ್ನೂ ಬಹುಪಾಲು ಜನ ಹಾಗೇ ಓಡಿಸಬಹುದು, ಓಡಿಸುತ್ತಾರೆ. ಶೇ. 8-10 ದಾಟಿದ ಮೇಲೆ ಯೋಚನೆ ಶುರುವಾಗಲಿ.

ಹಳೆಯ ವಿಲ್ಲಿಸ್ ತಳಿಯ ಜೀಪುಗಳದು ಉಲ್ಟಾ ಲೆಕ್ಕ. ಯುದ್ಧಕಾಲದ ವಿಲ್ಲಿಸ್ ಎಂಬಿಗೆ 4.88 ಇತ್ತು, ಆಮೇಲಿನ ಸಿಜೆ ಸರಣಿಗೆ 5.38. ಮಹೀಂದ್ರ ನಮ್ಮಲ್ಲಿ ವರ್ಷಗಟ್ಟಲೆ ಮಾಡಿದ್ದು ಆ ಸಿಜೆ-3ಬಿ ವಂಶವನ್ನೇ. 6.00-16ರ ಸಣ್ಣ ಟೈರಿನ ವ್ಯಾಸ ಸುಮಾರು 28 ಇಂಚು. 5.38 ಇರುವ ಜೀಪಿಗೆ 31 ಇಂಚಿನ ಟೈರು ಹಾಕಿದರೆ 5.38 × 28 ÷ 31, ಅಂದರೆ 4.86ರ ಪರಿಣಾಮ. ಮಿಲಿಟರಿ ಜೀಪು ಸಣ್ಣ ಟೈರಿನಲ್ಲಿ ಇದ್ದ ಜಾಗಕ್ಕೇ ಬಂದು ನಿಂತಂತಾಯಿತು. ಅದರಲ್ಲೂ ಪೆಟ್ರೋಲ್ ಎಂಜಿನ್ ಇಳಿಸಿ ಪ್ಯೂಜೋ ಡೀಸೆಲ್ ಕೂರಿಸಿದ ಜೀಪಿಗೆ 5.38 ಜಾಸ್ತಿಯೇ ಆಗಿರುತ್ತದೆ, 60 ದಾಟಿದರೆ ಕಿರುಚಾಟ. ಅಂಥದ್ದಕ್ಕೆ ದೊಡ್ಡ ಟೈರೇ ಔಷಧ. ಅಪ್ಪನ ಕಾಲದ ಜೀಪು ಮನೆಯಲ್ಲಿದ್ದರೆ ಹೌಸಿಂಗ್ ಬಿಚ್ಚುವ ಮಾತೆತ್ತಬೇಡಿ.

ಜಿಪ್ಸಿಯವರಿಗೆ ಇನ್ನೊಂದು ದಾರಿ ಇದೆ. ಅದರ ಟ್ರಾನ್ಸ್‌ಫರ್ ಕೇಸು ಪ್ರತ್ಯೇಕ ಪೆಟ್ಟಿಗೆ, ಅದರಲ್ಲಿ ಹೈ (ದಿನದ ಓಟದ್ದು) ಕೂಡ ನೇರ ಅಲ್ಲ, 1.409; ಲೋ (ನಿಧಾನಕ್ಕೆ, ಹೆಚ್ಚು ಎಳೆತಕ್ಕೆ) 2.268. ಆ ಪೆಟ್ಟಿಗೆಯೊಳಗಿನ ಗೇರುಗಳನ್ನೇ ಬದಲಿಸಿ ಹೈ, ಲೋ ಎರಡರ ಅಂಕೆಯನ್ನೂ ಏರಿಸಿ ಎಳೆತ ಹೆಚ್ಚಿಸುವ ಸೆಟ್ಟುಗಳಿವೆ. ಎರಡು ಹೌಸಿಂಗ್ ಬಿಚ್ಚುವ ಬದಲು ಒಂದು ಪೆಟ್ಟಿಗೆ ಬಿಚ್ಚಿದರೆ ಮುಗಿಯಿತು.

ಲೋ ಇದೆಯಲ್ಲ, ಮತ್ತೇಕೆ ಎನ್ನುವವರಿಗೆ

ಕಾಡು ದಾರಿಗೆ ಲೋ ಇದೆ ಎನ್ನುವುದು ನಿಜ. ಮೊದಲ ಗೇರು 3.7, ಟ್ರಾನ್ಸ್‌ಫರ್ ಲೋ 2.48, ಆಕ್ಸಲ್ 3.73 ಇದ್ದರೆ ಮೂರನ್ನೂ ಗುಣಿಸಿ 34. ಎಂಜಿನ್ 800 ಆರ್‌ಪಿಎಂನಲ್ಲಿ ಸುಮ್ಮನೆ ತಿರುಗುತ್ತಿದ್ದಾಗ ಹಳೆ ಟೈರಿನಲ್ಲಿ ಗಾಡಿ ತೆವಳುವುದು ಗಂಟೆಗೆ 3.2 ಕಿ.ಮೀ., ದೊಡ್ಡ ಟೈರಿನಲ್ಲಿ 3.5. 4.56 ಹಾಕಿದರೆ 2.9. ಸಣ್ಣ ವ್ಯತ್ಯಾಸದಂತೆ ಕಾಣುತ್ತದೆ. ಪಾಚಿ ಕಟ್ಟಿದ ಚಿರೇಕಲ್ಲಿನ ಮೆಟ್ಟಿಲಿನಂಥ ಇಳುಕಲಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಬೇಕಾದಾಗ ಅದು ದೊಡ್ಡದು. ಕೆಸರಿನ ಗದ್ದೆ ದಾಟುವಾಗ ಮಾತ್ರ ತೀರಾ ನಿಧಾನ ಕೆಲಸಕ್ಕೆ ಬಾರದು. ಟೈರಿನ ಗುಬ್ಬಿಗೆ ಮೆತ್ತಿದ ರಾಡಿ ಹಾರಿ ಹೋಗಲು ಚಕ್ರಕ್ಕೆ ವೇಗ ಬೇಕು; ಅಲ್ಲಿ ಲೋನಲ್ಲಿ ಎರಡು, ಮೂರನೇ ಗೇರೇ ಸರಿ.

ಲೋ ಹಾಕಿಕೊಂಡು ದೇವಿಮನೆ ಹತ್ತಲು ಮಾತ್ರ ಆಗುವುದಿಲ್ಲ. ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಗಳಲ್ಲಿ ಲೋ ಬಿದ್ದರೆ ಮುಂದಿನ ಆಕ್ಸಲೂ ಸೇರಿರುತ್ತದೆ, ಒಣ ಡಾಂಬರಿನ ತಿರುವುಗಳಲ್ಲಿ ಮುಂದು ಹಿಂದಿನ ಎಳೆದಾಟಕ್ಕೆ ಶಾಫ್ಟುಗಳು ಬಿಗಿಯುತ್ತವೆ. ಹೈನಲ್ಲಿ ಎಳೆತ ಬೇಕೆಂದರೆ, ಜಿಪ್ಸಿಯಂಥದ್ದನ್ನು ಬಿಟ್ಟರೆ, ಆಕ್ಸಲ್ ರೇಷಿಯೋ ಒಂದೇ ದಾರಿ. ಅದರಿಂದ ಇನ್ನೊಂದು ಲಾಭ ಇದೆ, ಯಾರೂ ಹೇಳುವುದಿಲ್ಲ: ಚಕ್ರಕ್ಕೆ ಅಷ್ಟೇ ಬಲ ಮುಟ್ಟಿಸಲು ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟುಗಳು ಹೊರುವ ಭಾರ ಕಡಿಮೆಯಾಗುತ್ತದೆ. ದೊಡ್ಡ ಟೈರಿನ ಗಾಡಿಗಳು ಚಡಾವಿನಲ್ಲಿ ನಿಂತು ಹೊರಡುವಾಗ ಕ್ಲಚ್ ಸುಡುವ ವಾಸನೆ ಇದರಿಂದ ಇಳಿಯುತ್ತದೆ.

ಇಳಿಯುವಾಗಿನ ವಿಷಯ

ಹತ್ತುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅರಬೈಲಿನಲ್ಲಿ ಪಲ್ಟಿಯಾದ ಲಾರಿಗಳನ್ನು ಕಂಡವರು ಇಳಿಯುವುದನ್ನೂ ಯೋಚಿಸಬೇಕು. ದೊಡ್ಡ ಟೈರು ಎಂಜಿನ್ ಬ್ರೇಕಿಂಗನ್ನು ತಗ್ಗಿಸುತ್ತದೆ, ಶೇ. 9 ದೊಡ್ಡ ಟೈರಿಗೆ ಹೆಚ್ಚುಕಡಿಮೆ ಅಷ್ಟೇ ಪಾಲು. ರೇಷಿಯೋ ಬದಲಿಸಿದರೆ ಅದು ವಾಪಸು ಬರುತ್ತದೆ, 4.56 ಹಾಕಿದರೆ ಮೊದಲಿಗಿಂತ ಹೆಚ್ಚೇ ಬರುತ್ತದೆ.

ಆದರೆ ಕಾಲಡಿಯ ಬ್ರೇಕು ವಾಪಸು ಬರುವುದಿಲ್ಲ. ಡ್ರಮ್ಮು, ಡಿಸ್ಕುಗಳು ಇರುವುದು ಚಕ್ರದಲ್ಲಿ, ಕ್ರೌನಿನಿಂದ ಆಚೆ. ಹೌಸಿಂಗಿನೊಳಗೆ ಏನು ಬದಲಿಸಿದರೂ ಅವಕ್ಕೆ ಸಂಬಂಧವಿಲ್ಲ. ಟೈರಿನ ವ್ಯಾಸ ಶೇ. 9 ಹೆಚ್ಚಾದರೆ ಅಷ್ಟೇ ಚುರುಕಾಗಿ ನಿಲ್ಲಲು ಬ್ರೇಕಿಗೆ ಶೇ. 9 ಹೆಚ್ಚು ಹಿಡಿತ ಬೇಕು, ಟೈರಿನ ತೂಕ ಬೇರೆ. ರೇಷಿಯೋ ಬದಲಿಸಿದ ಗಾಡಿ ಹತ್ತುವಾಗ ಹಳೆಯ ಗಾಡಿಯಂತೆಯೇ ಎಳೆಯುತ್ತದೆ. ಆ ಭರವಸೆಯಲ್ಲಿ ಇಳಿಯುವಾಗಲೂ ಹಳೆಯ ಗಾಡಿಯಂತೆಯೇ ನಿಲ್ಲುತ್ತದೆ ಎಂದುಕೊಳ್ಳುವುದು ಅಪಾಯ. ಲೈನಿಂಗ್, ಪ್ಯಾಡ್, ಬ್ರೇಕ್ ಆಯಿಲ್ ಇವುಗಳನ್ನು ಅದೇ ಸಮಯದಲ್ಲಿ ಹೊಸದು ಮಾಡಿಸಿ, ಯಾವ ಗೇರಿನಲ್ಲಿ ಹತ್ತಿದಿರೋ ಅದಕ್ಕಿಂತ ಮೇಲಿನ ಗೇರಿನಲ್ಲಿ ಇಳಿಯಬೇಡಿ.

ಮುಂದೆ ಹಿಂದೆ ಎರಡೂ

ಹಿಂದಿನ ಹೌಸಿಂಗ್ ಮಾತ್ರ ಬದಲಿಸಿ ದುಡ್ಡು ಉಳಿಸುವ ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ. ಮುಂದೆ 3.73, ಹಿಂದೆ 4.56 ಇರುವ ಗಾಡಿಗೆ ಫೋರ್ ವೀಲ್ ಹಾಕಿದ ಕ್ಷಣ ಎರಡು ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ಹೋಗಲು ಜಗ್ಗುತ್ತವೆ. ಟ್ರಾನ್ಸ್‌ಫರ್ ಕೇಸೋ, ಯೂನಿವರ್ಸಲ್ ಜಾಯಿಂಟೋ, ಯಾವುದಾದರೊಂದು ಮುರಿಯುತ್ತದೆ. 4.10ಕ್ಕೆ 4.11 ಮಾತ್ರ ನಡೆಯುತ್ತದೆ. 41ಕ್ಕೆ 10, 37ಕ್ಕೆ 9 ಹಲ್ಲಿನ ಆ ಎರಡರ ವ್ಯತ್ಯಾಸ ಶೇ. 0.3ಕ್ಕೂ ಕಡಿಮೆ, ಟೈರಿನ ಸವೆತದಲ್ಲೇ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಹೀಗಾಗಿ ಸೆಟ್ಟು ಹುಡುಕುವಾಗ ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ರೇಷಿಯೋ ಸಿಗುತ್ತದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ನಮ್ಮ ದೇಶದಲ್ಲಿ ಆಯ್ಕೆ ಕಡಿಮೆ, ಲೆಕ್ಕ 4.56 ಹೇಳಿದರೂ ಎರಡೂ ಆಕ್ಸಲ್ಲಿಗೆ ಸಿಗುವುದು 4.88 ಒಂದೇ ಆಗಿರಬಹುದು. ಆಗ ಮತ್ತೆ ಆರ್‌ಪಿಎಂ ಲೆಕ್ಕ ಹಾಕಿ ನೋಡಿ.

ರೇಷಿಯೋದ ಅಂಕೆ ಹೆಚ್ಚಿದಂತೆ ಪಿನಿಯನ್ ಸಣ್ಣದಾಗುತ್ತದೆ. ಎಂಟು ಹಲ್ಲಿನ ಪಿನಿಯನ್ ಹನ್ನೊಂದು ಹಲ್ಲಿನದಕ್ಕಿಂತ ದುರ್ಬಲ. ಅದಕ್ಕೇ ಬೇಕಾದ್ದಕ್ಕಿಂತ ಎರಡು ಮೆಟ್ಟಿಲು ಮುಂದೆ ಹೋಗುವ ಹುಮ್ಮಸ್ಸು ಬೇಡ. ಕೆಲವು ಆಕ್ಸಲ್‌ಗಳಲ್ಲಿ ಒಂದು ಮಿತಿ ದಾಟಿದರೆ ಕ್ರೌನು ಕೂರುವ ಕ್ಯಾರಿಯರ್ ಕೂಡ ಬದಲಾಗಬೇಕು. ಡಾನಾ 44 ಎಂಬ ಆಕ್ಸಲ್ಲಿನಲ್ಲಿ ಆ ಗಡಿ 3.73ಕ್ಕೂ 3.92ಕ್ಕೂ ನಡುವೆ. ಡಿಫ್‌ಲಾಕ್ ಹಾಕಿಸುವ ಯೋಚನೆ ಇದ್ದರೆ ಈಗಲೇ ತೀರ್ಮಾನಿಸಿ: ಅದೂ ಕ್ಯಾರಿಯರ್ ಜಾಗದಲ್ಲೇ ಬರುವುದು, ಬಿಚ್ಚುವ ಕೂಲಿ ಒಂದೇ.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಕ್ರೌನ್-ಪಿನಿಯನ್ ಕೂರಿಸುವುದು ನಟ್ಟು ಬೋಲ್ಟು ಬಿಗಿಯುವ ಕೆಲಸವಲ್ಲ. ಒಳ್ಳೆಯ ಮೇಸ್ತ್ರಿಯನ್ನು ಗುರುತಿಸಲು ಒಂದು ಪ್ರಶ್ನೆ ಸಾಕು: "ಡಯಲ್ ಗೇಜ್ ಇದ್ಯಾ?" ಇಲ್ಲ, ಕೈ ಅಂದಾಜಿನಲ್ಲಿ ಮಾಡುತ್ತೇನೆ ಎಂದರೆ ಚಹಾ ಕುಡಿದು ಹೊರಡಿ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಎನ್ನುವುದನ್ನು ಶಿಮ್ಮುಗಳಿಂದ (ತೆಳು ಲೋಹದ ಬಿಲ್ಲೆಗಳಿಂದ) ಹೊಂದಿಸಬೇಕು. ಬೇರಿಂಗುಗಳ ಬಿಗಿತ ನೋಡಬೇಕು. ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಹೆಚ್ಚಿನ ಆಕ್ಸಲ್‌ಗಳಿಗೆ 0.15ರಿಂದ 0.25 ಮಿ.ಮೀ. ಒಳಗೆ ಬರಬೇಕು, ನಿಮ್ಮ ಆಕ್ಸಲ್ಲಿನ ಸರಿಯಾದ ಅಂಕೆ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಕೊನೆಗೆ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಒಂದಕ್ಕೊಂದು ತಾಗುವ ಗುರುತು ಹಲ್ಲಿನ ನಡುಭಾಗದಲ್ಲಿ ಬಿದ್ದಿದೆಯೇ ನೋಡಬೇಕು. ಅಂಚಿನಲ್ಲೋ ಬುಡದಲ್ಲೋ ಬಿದ್ದರೆ ಮತ್ತೆ ಬಿಚ್ಚಿ ಶಿಮ್ ಬದಲಿಸಬೇಕು. ಒಂದೇ ಸಲಕ್ಕೆ ಸರಿಯಾಗುವುದು ಅಪರೂಪ, ಆದ್ದರಿಂದ ಮೇಸ್ತ್ರಿಗೆ ಅವಸರ ಮಾಡಬೇಡಿ. ಆ ಬಣ್ಣದ ಗುರುತಿನ ಫೋಟೊ ಒಂದು ತೆಗೆದು ಇಟ್ಟುಕೊಳ್ಳಿ.

ಕ್ರೌನೂ ಪಿನಿಯನ್ನೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿದವು, ಎರಡರ ಮೇಲೂ ಒಂದೇ ನಂಬರು ಕೊರೆದಿರುತ್ತದೆ. ಗುಜರಿಯಿಂದ ಒಂದು ಕ್ರೌನು, ಇನ್ನೊಂದು ಕಡೆಯಿಂದ ಪಿನಿಯನ್ ತಂದು ಕೂಡಿಸಿದ್ದು ಕೂಗುತ್ತಲೇ ಇರುತ್ತದೆ. ಹಳೆ ಬೇರಿಂಗು, ಸೀಲುಗಳನ್ನು ಮತ್ತೆ ಹಾಕಿಸಬೇಡಿ.

ನಮ್ಮ ಮಳೆಗಾಲಕ್ಕೆ ಒಂದು ವಿಶೇಷ ಕೆಲಸ: ಹೌಸಿಂಗಿನ ಮೇಲಿರುವ ಬ್ರೀದರಿಗೆ (ಗಾಳಿ ಆಡುವ ಕಿಂಡಿಗೆ) ರಬ್ಬರ್ ನಳಿಗೆ ಹಾಕಿ ಎತ್ತರಕ್ಕೆ ಒಯ್ಯಿಸಿ. ಘಟ್ಟ ಹತ್ತಿ ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದೇ ಕಾರಣ. ಕರಾವಳಿಯವರಿಗೆ ಉಪ್ಪುನೀರಿನ ಕಾಟ ಬೇರೆ. ಸಮುದ್ರದ ದಂಡೆಯ ಒದ್ದೆ ಮರಳಿಗೆ ಗಾಡಿ ಇಳಿಸದಿರುವುದೇ ಹೊಸ ಬೇರಿಂಗಿಗೆ ಮಾಡುವ ಉಪಕಾರ.

ಕಾಗದಪತ್ರ, ಮೀಟರು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿರುವ ವಿವರಕ್ಕೆ, ತಯಾರಕರು ಮೊದಲು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡಿದಿದೆ. ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಟೈರು ರಸ್ತೆಯಲ್ಲಿ ಮೊದಲು ಕಣ್ಣಿಗೆ ಬೀಳುವ ವಸ್ತು. ಕೆಎ-31 ಆಗಲಿ ಕೆಎ-30 ಆಗಲಿ, ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ವಾರಂಟಿ ಇರುವ ಗಾಡಿಯಾದರೆ ಅದು ಮುಗಿಯುವ ತನಕ ಕಾಯುವುದು ಜಾಣತನ.

ಸ್ಪೀಡೋಮೀಟರಿನದು ಎರಡು ಕಥೆ. ಹಳೆ ಜೀಪಿನಲ್ಲಿ ಮೀಟರಿನ ಕೇಬಲ್ ಬರುವುದು ಟ್ರಾನ್ಸ್‌ಫರ್ ಕೇಸಿನಿಂದ. ದೊಡ್ಡ ಟೈರು ಹಾಕಿದಾಗ ಮೀಟರು 60 ತೋರಿಸುತ್ತಿದ್ದರೆ ನಿಜ ವೇಗ 65 ದಾಟಿರುತ್ತದೆ, 4.10 ಹಾಕಿದ ಕೂಡಲೇ ಅದು ತಾನಾಗಿ ಸರಿಯಾಗುತ್ತದೆ. ಹೊಸ ಗಾಡಿಗಳಲ್ಲಿ ಎಬಿಎಸ್ ಸೆನ್ಸರ್ ಚಕ್ರದಿಂದಲೇ ವೇಗ ಓದುವುದಾದರೆ ರೇಷಿಯೋ ಬದಲಿಸಿದರೂ ತಪ್ಪು ಹಾಗೇ ಉಳಿಯುತ್ತದೆ. ಮೊಬೈಲಿನ ಜಿಪಿಎಸ್ ಹಿಡಿದು ತಾಳೆ ನೋಡಿ.

ಮೊದಲ ಓಟ

ಹೊಸ ಗೇರು ಹಾಕಿದ ದಿನವೇ ಗೆಳೆಯರನ್ನು ತುಂಬಿಕೊಂಡು ಯಾಣಕ್ಕೆ ಹೊರಡಬೇಡಿ. ಮೊದಲ ಸಲ ಖಾಲಿ ಗಾಡಿಯಲ್ಲಿ, ಸಮತಟ್ಟು ರಸ್ತೆಯಲ್ಲಿ, ಬನವಾಸಿ ದಾರಿ ಇದಕ್ಕೆ ಚೆನ್ನ, 20-30 ಕಿ.ಮೀ. ನಿಧಾನವಾಗಿ ಓಡಿಸಿ ಪೂರ್ತಿ ತಣಿಯಲು ಬಿಡಿ. ಹೀಗೆ ಎರಡು ಮೂರು ಸಲ. ಮೊದಲ 800 ಕಿ.ಮೀ. ತನಕ ಟ್ರೇಲರ್ ಎಳೆಯುವುದು, ಗೊಬ್ಬರ ಹೇರುವುದು ಬೇಡ. ಆಮೇಲೆ ಆಯಿಲ್ ಬದಲಿಸಿ. ಮ್ಯಾನುಯಲ್ ಬೇರೆ ಹೇಳದಿದ್ದರೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90. ಇಳಿಸಿದ ಎಣ್ಣೆಯಲ್ಲಿ ನುಣ್ಣನೆಯ ಬೂದು ಪುಡಿ ಇದ್ದರೆ ಸಹಜ, ಚೂರುಗಳಿದ್ದರೆ ಅಲ್ಲೇ ನಿಲ್ಲಿಸಿ. ಸದ್ದಿಗೂ ಕಿವಿ ಕೊಡಿ: ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಕೂಗಿದರೆ ಹಲ್ಲುಗಳ ಹೊಂದಾಣಿಕೆಯ ಮೇಲೆ ಸಂಶಯ, ಯಾವಾಗಲೂ ಗುರ್ ಎನ್ನುತ್ತಿದ್ದರೆ ಬೇರಿಂಗಿನ ಮೇಲೆ.

ಕೊನೆಗೊಂದು ಐದು ನಿಮಿಷದ ಕೆಲಸ. ಎರಡೂ ಹೌಸಿಂಗಿನ ಮೇಲೆ ಹೊಸ ಹಲ್ಲುಗಳ ಸಂಖ್ಯೆಯನ್ನು, 41/9 ಎಂದೋ 39/8 ಎಂದೋ, ಬಿಳಿ ಆಯಿಲ್ ಪೇಂಟಿನಲ್ಲಿ ಬರೆಯಿರಿ, ಆರ್‌ಸಿ ಇಡುವ ಚೀಲದಲ್ಲೂ ಒಂದು ಚೀಟಿ ಇಡಿ. ನಾಳೆ ಒಂದು ಕಡೆಯ ಕ್ರೌನು ಹೋಗಿ, ಅಂಗಡಿಯವರು ಚಾಸಿ ನಂಬರು ನೋಡಿ ಬಿಡಿಭಾಗ ತರಿಸಿದರೆ ಬರುವುದು ಹಳೆಯ 3.73.